ರಾಜನಿಗೆ ಕೈಕಾಲು ಬಂದ ಶನಿವಾರ

ಆಂಟಾಪ್ ಹಿಲ್, ಮುಂಬಯಿ
16-1-1974, ಬುಧವಾರ

ಪ್ರೀತಿಯ ಅಮ್ಮನಿಗೆ ನಿನ್ನ ನೀಲಾವತಿಯ ನಮಸ್ಕಾರ.

ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಕ್ಷೇಮ. ನಿನ್ನ ಅಳಿಯ ಮಾತ್ರ ಶನಿವಾರದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ಊಟವೂ ಕೆಲಸ ಮಾಡುವ ಹೋಟೆಲಿನಲ್ಲೇ. ನನ್ನ ಅನ್ನಕ್ಕೆ ಏನಾಗಿದೆ ಅಂತ ಕೇಳಿದರೆ ಗೋಡೆಯ ಕಡೆ ತಿರುಗುತ್ತಾರೆ.

ಆದದ್ದು ಇಷ್ಟು. ಅಂದು ಸಂಜೆ ನಮ್ಮ ಖೋಲಿಯಲ್ಲಿ ಊರವರ ಮಂಡಳಿಯ ಶನಿಪೂಜೆ ಇತ್ತು. ಕಥೆ ಓದುವವರು ಇವರೇ. ಕಥೆಯಲ್ಲಿ ಶನಿಕಾಟದಿಂದ ರಾಜನ ಕೈಕಾಲು ಹೋದ ಮೇಲೆ, ಅವು ಮರಳಿ ಬರುವವರೆಗೆ ಕೇಳುವವರು ಯಾರೂ ಏಳಬಾರದು, ಎದ್ದವರ ಹೆಗಲಿಗೆ ಶನಿ ಏರುತ್ತಾನೆ ಅಂತ ನಮ್ಮ ಮಂಡಳಿಯ ಕಟ್ಟಳೆ. ರಾಜನ ಕೈಕಾಲು ಆಗಷ್ಟೇ ಹೋಗಿತ್ತು, ಪಕ್ಕದ ಖೋಲಿಯ ಬಿಜಾಪುರದ ಸುಂದ್ರವ್ವ ಗೋಡೆ ಬಡಿದಳು. ತುಂಬಿದ ಬಸುರಿ, ಗಂಡ ಮಿಲ್ಲಿನ ಪಾಳಿಯಲ್ಲಿ. ‘ಯಕ್ಕಾ, ತಡಕೊಳ್ಳಾಕ ಆಗವಲ್ದು, ಲಗೂನ ಬಾ’ ಅಂತ ಕೂಗು. ಇಡೀ ಮಂಡಳಿ ಕಣ್ಣು ಮುಚ್ಚಿ ಭಕ್ತಿ ಹೆಚ್ಚಿಸಿಕೊಂಡಿತು. ನಾನು ಎದ್ದೆ.

ಟ್ಯಾಕ್ಸಿ ಹಿಡಿದು ಪರೇಲಿನ ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಗಂಡು ಮಗು. ತಿರುಗಿ ಬಂದರೆ, ಮಂಡಳಿಯ ಹಿರಿಯ ದೂಜಣ್ಣ ಪ್ರಸಾದ ತಿನ್ನುತ್ತಲೇ ತೀರ್ಪು ಕೊಟ್ಟರು. ನಂಬಿಕೆ ಇಲ್ಲದವಳು ನೂರು ಹೆರಿಗೆ ಮಾಡಿಸಿದರೂ ಮುಕ್ತಿ ಇಲ್ಲವಂತೆ. ಇನ್ನು ಪೂಜೆಯ ದೀಪ ನಾನು ಹಚ್ಚಬಾರದಂತೆ. ಅಷ್ಟು ನಂಬಿಕೆ ಇದ್ದವರಿಗೆ ಆ ಕೂಗು ಕೇಳಿಸಲಿಲ್ಲವೇ ಅಂದೆ. ಅವರು ಇನ್ನೊಂದು ಮುಷ್ಟಿ ಪಂಚಕಜ್ಜಾಯ ಬಾಯಿಗೆ ಹಾಕಿಕೊಂಡರು.

ಇವರಾದರೂ ನನ್ನ ಪರವಾಗಿ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಅದೇ ನನಗೆ ಸಂಕಟ. ಅಮ್ಮಾ, ಮುಕ್ತಿ ಸತ್ತ ಮೇಲಿನ ಮಾತು. ಈ ಹತ್ತಡಿ ಖೋಲಿಯಲ್ಲಿ ಗಂಡ ಮಾತಾಡದಿದ್ದರೆ ಬದುಕುವುದು ಹೇಗೆ? ಶನಿದೇವರಿಗೆ ನನ್ನ ಹೆಸರಲ್ಲಿ ತಪ್ಪುಕಾಣಿಕೆ ಇಟ್ಟುಬಿಡು. ಆದರೆ ಸುಂದ್ರವ್ವ ಮತ್ತೆ ಗೋಡೆ ಬಡಿದರೆ ನಾನು ಮತ್ತೆ ಏಳುವವಳೇ.

ನಿನ್ನ ಹಟಮಾರಿ ಮಗಳು,
ನೀಲಾವತಿ

ತಾ.ಕ.: ಪತ್ರ ಅಂಚೆಗೆ ಹಾಕಿ ಅಂತ ಇವರ ಕೈಗೆ ಕೊಟ್ಟರೆ ನಿಂತಲ್ಲೇ ಓದಿದರು. ಬೀಗ ಬಿಚ್ಚಿತು. ಸುಂದ್ರವ್ವ ಕೂಗಿದ ಕೂಡಲೇ ಇವರು ಹತ್ತು ಪುಟ ಒಟ್ಟಿಗೆ ಮಗುಚಿ ರಾಜನಿಗೆ ಕೈಕಾಲು ಬರಿಸಿಬಿಟ್ಟಿದ್ದರಂತೆ, ನಾನು ದೋಷವಿಲ್ಲದೆ ಏಳಲಿ ಅಂತ! ಕಣ್ಣು ಮುಚ್ಚಿ ಕೂತ ಭಕ್ತರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಮಾತೂ ಮನೆಯ ಊಟವೂ ಬಿಟ್ಟದ್ದು ಸಿಟ್ಟಿನಿಂದಲ್ಲ, ದೇವರ ಕಥೆ ನುಂಗಿದ್ದು ಬಾಯಿತಪ್ಪಿ ಹೊರಬಿದ್ದೀತು ಎಂಬ ಹೆದರಿಕೆಯಿಂದ. ‘ಒಂದು ಗಳಿಗೆ ತಡೆಯಬಾರದಿತ್ತಾ ಮಾರಾಯ್ತಿ, ನಾನು ರಾಜನ ಕಾಲು ಜೋಡಿಸುವಷ್ಟರಲ್ಲಿ ನೀನು ಮೆಟ್ಟಿಲು ಇಳಿದಾಗಿತ್ತು’ ಅಂತ ನನಗೇ ಬೈದರು. ಬೈದು ಎರಡು ಸಲ ಅನ್ನ ಬಡಿಸಿಕೊಂಡರು. ತಪ್ಪುಕಾಣಿಕೆ ಇಬ್ಬರ ಹೆಸರಲ್ಲೂ ಇಡು. ಅವರದು ಸ್ವಲ್ಪ ಜಾಸ್ತಿ.