ದೇವರ ತಲೆಯ ಮೇಲಿನ ಚಿಮಣಿ

ಅತ್ತೆ,

ನಿಮ್ಮ ಹತ್ತಿರ ಇನ್ನೊಂದು ಬೀಗದಕೈ ಇದೆ ಅಂತ ಗೊತ್ತು, ಅದಕ್ಕೇ ಈ ಚೀಟಿಯನ್ನು ಬೀಗದ ಮೇಲೇ ಅಂಟಿಸಿದ್ದೇನೆ. ದೀಪ ಹಚ್ಚುವ ಹೊತ್ತಾಯಿತೆಂದು ದಯವಿಟ್ಟು ಒಳಗೆ ಹೋಗಬೇಡಿ.

ಈಶಾನ್ಯದಲ್ಲಿ ಬೆಂಕಿ ಕೂಡದು ಎಂದು ನೀವು ಊಟ ಬಿಟ್ಟು ಕೂತಿರಿ. ನಿಮ್ಮ ಮಗ ಆ ಹಳೇ ಫೈರ್‌ಪ್ಲೇಸನ್ನೂ ಅದರ ಹೊಗೆ ಮೇಲೆ ಹೋಗುವ ಚಿಮಣಿ ಗೋಡೆಯನ್ನೂ ಒಡೆಸಿ, ಅಲ್ಲೇ ದೇವರನ್ನು ಇಡಿಸಿದರು. ಗೃಹಪ್ರವೇಶದ ಮುಹೂರ್ತ ಮೀರುತ್ತದೆಂದು ಒಡೆಸಿದ್ದು ಕೆಳಗಿನದನ್ನಷ್ಟೇ. ಮಹಡಿಯಲ್ಲಿ ನಿಮ್ಮ ಮೊಮ್ಮಗಳು ಸಮೀಕ್ಷಾಳ ಕೋಣೆಯಿಂದ ಛಾವಣಿಯವರೆಗೂ ಉಳಿದ ಚಿಮಣಿ ಆಸರೆಯಿಲ್ಲದೆ ನಿಮ್ಮ ದೇವರ ತಲೆಯ ಮೇಲೆ ನಿಂತಿದೆ. ಇವತ್ತು ಮಗುವಿನ ಹಾಸಿಗೆ ತುಂಬ ಇಟ್ಟಿಗೆ ಪುಡಿ. ಗೋಡೆಯ ಬಿರುಕಿನೊಳಗೆ ನನ್ನ ಬೆರಳು ಹೋಯಿತು.

ಅವಳನ್ನು ಹರ್ಲಿಂಗ್‌ಹ್ಯಾಮ್ ಬಡಾವಣೆಯಲ್ಲಿ ನನ್ನ ಗೆಳತಿ ನಿರುಪಮಾ ಮನೆಗೆ ಬಿಟ್ಟು, ಎಂಜಿನಿಯರನ್ನು ಕರೆದುಕೊಂಡೇ ಬರುತ್ತೇನೆ. ನಿಮ್ಮ ಮಗ ಮೀಟಿಂಗಿನಲ್ಲಿದ್ದಾರಂತೆ.

ಹೊರಡುವಾಗ ಸಮೀಕ್ಷಾ, “ಅಜ್ಜೀಸ್ ಗಾಡ್ಸ್ ಟೂ, ಮಮ್ಮಿ!” ಎಂದು ಅಳುತ್ತಾ ಬಾಗಿಲಲ್ಲೇ ನಿಂತುಬಿಟ್ಟಳು. ನಾನು ಬೇಡ ಅನ್ನುವಷ್ಟರಲ್ಲಿ ನಮ್ಮ ಮನೆಕೆಲಸದ ವಾಂಜಿರು, ನೀವು ಪೂಜೆಯ ಸಾಮಾನು ಮುಟ್ಟಗೊಡದ ಅದೇ ವಾಂಜಿರು, ಒಳಗೆ ಓಡಿ ದೇವರನ್ನೆಲ್ಲ ತನ್ನ ಶಾಲಿನಲ್ಲಿ ಸುತ್ತಿ ತಂದಳು. ಈಗ ಹಿತ್ತಲಲ್ಲಿ, ಅವಳ ಕೋಣೆಯ ಮೇಜಿನ ಮೇಲಿದ್ದಾರೆ. ದೀಪ, ಎಣ್ಣೆ, ನಿಮ್ಮ ಬಿಪಿ ಮಾತ್ರೆ ಎಲ್ಲ ಅಲ್ಲೇ ಇವೆ.

ಮಡಿ ಕೆಟ್ಟಿತೆಂದು ಬೈಯುವುದಿದ್ದರೆ ನನ್ನನ್ನು ಬೈಯಿರಿ, ಅವಳನ್ನಲ್ಲ. ಅವಳು ಕೊಟ್ಟ ಟೀ ಕುಡಿದು, ಅವಳ ಕೋಣೆಯಲ್ಲೇ ಕೂತು ಬೈಯಿರಿ.

ವಸುಂಧರಾ