ಕುಂದ್ರಲಾರದ ದಿನಗಳು

ದಂಡೋತಿ
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ರಾಧಿಕಾ,

ನಿನಗ, ಅತ್ತಿಯವರಿಗಿ ಜೈಭೀಮ್. ನಮ್ಮ ಕೂಸಿಗಿ ಒಂದು ಮುತ್ತು. ಮಗಳು ಹುಟ್ಟಿ ತಿಂಗಳಾಗ್ಲಿಕ್ಕೆ ಬಂತು, ಅಪ್ಪ ಅನ್ನಾವ ಇನ್ನೂ ನಿನ್ನ ತವರು ಚಿಂಚೋಳಿ ಕಡಿ ಮುಖ ಹಾಕಿಲ್ಲ. ನಿನಗ ಸಿಟ್ಟು ಬಂದಿರ್ತದ, ಗೊತ್ತದ. ಫೋನ್‌ದಾಗ ಹೇಳಬೇಕಂದ್ರ ನಿನ್ನ ಸುತ್ತ ಮನಿ ಮಂದೆಲ್ಲ ಕುಂತಿರ್ತಾರ. ನನಗ ಬ್ಯಾನಿ ಆದ ಜಾಗಾ ಎಲ್ಲಾರ ಮುಂದ ಹೇಳುವಂಥಾದ್ದಲ್ಲ. ಅದಕ್ಕ ಬೋರ್ಲ ಮಲಗಿ ಬರೀಲಿಕತ್ತೀನಿ. ಅಕ್ಷರ ಸೊಟ್ಟ ಆಗ್ಯಾವ, ಸಂಭಾಳಸಿ ಓದು.

ವಾಡಿಯಿಂದ ಸಿಮೆಂಟ್ ಲಾರಿ ಹೊಡೀಮುಂದ ಬೆನ್ನಿನ ತುದಿಗಿ, ಕುಂಡಿ ಸೀಳು ಶುರು ಆಗೋ ಜಾಗಾದಾಗ ಒಂದು ಗಂಟು ಎದ್ದಿತ್ತು. ಕುಂತ್ರ ಜೀವ ಹೋದಂಗ ಆಗ್ತಿತ್ತು. ಮೂಲವ್ಯಾಧಿ ಅಂತ ತಿಳಕೊಂಡು ಖಾರ ಬಿಟ್ಟೆ. ಏನೂ ಕಡಿಮಿ ಆಗ್ಲಿಲ್ಲ. ನೀ ಹಡದಿ ಅಂತ ಸುದ್ದಿ ಬಂದ ದಿನ ಸೇಡಂದಾಗ ಚಿಂಚೋಳಿ ಬಸ್ ಹತ್ತಿದ್ದೆ, ರಾಧಿಕಾ. ಖರೇ ಹತ್ತಿದ್ದೆ. ಅರ್ಧ ದಾರ್ಯಾಗ ಬಸ್ ತೆಗ್ಗಿನಾಗ ಇಳೀತು, ಗಂಟು ಒಡೀತು. ಕೀವು, ರಕ್ತ, ಪ್ಯಾಂಟೆಲ್ಲ ತೊಯ್ದು ವಾಸನಿ. ಬಾಜೂಕ ಕುಂತ ಹೆಣ್ಮಗಳು ಮೂಗು ಮುಚ್ಕೊಂಡು ಎದ್ದು ಹೋದಳು. ಆ ಅವತಾರದಾಗ ಕೂಸಿನ ಮುಂದ ಹ್ಯಾಂಗ ಬರ್ಲಿ? ಇಳದು ತಿರುಗಿ ಬಂದೆ. ನಿಮ್ಮ ಮನಿಗಿ "ಡ್ಯೂಟಿ ಅದ" ಅಂತ ಫೋನ್ ಮಾಡ್ದೆ.

ನನ್ನ ಜೋಡಿ ಲಾರಿ ಹೊಡಿಯೋ ಖಾಜಾಮಿಯಾ ನನ್ನ ಮುಟ್ಟಿ ನೋಡಿ, "ಅರೇ ದೇವಾನಂದ, ಮೈ ಸುಡಾಕತ್ತದ! ನಾಚಿಕಿ ಆಮ್ಯಾಲ, ದವಾಖಾನಿ ಮೊದ್ಲ" ಅಂದಾವನೇ ಕಲಬುರಗಿಗಿ ಕರಕೊಂಡು ಹೋದ.

ಅಲ್ಲಿ ಡಾಕ್ಟರ್ ಮೇಡಂ, "ಇದು ಮೂಲವ್ಯಾಧಿ ಅಲ್ಲ, ಪೈಲೋನೈಡಲ್ ಸೈನಸ್" ಅಂದ್ರು. ಉದುರಿದ ಕೂದಲು ಆ ಸೀಳಿನಾಗ ಸಿಕ್ಕೊಂಡು, ತಾಸುಗಟ್ಲೆ ಕುಂತು ತಿಕ್ಕಿ ತಿಕ್ಕಿ ಮುಳ್ಳಿನಂಗ ಚರ್ಮದ ಒಳಗ ಹೋಗ್ತದಂತ. ಬೆವರು, ಬಿಗಿ ಪ್ಯಾಂಟು ಇದ್ರ ಇನ್ನೂ ಜಾಸ್ತಿ. ಒಳಗ ಕೀವು ತುಂಬಿ, ಬಾವು ಬಂದು, ಸಣ್ಣ ತೂತು ಮಾಡ್ಕೊಂಡು ಹೊರಗ ಬರ್ತದ. ಮೈತುಂಬ ಕೂದಲ ಇರೋ ಹರೇದ ಗಂಡಸರಿಗಿ, ಡ್ರೈವರ್‌ಗಳಿಗಿ ಹೆಚ್ಚಂತ.

"ಕೂಸಿನ ಎತ್ಕೊಂಡ್ರ ಅದಕ್ಕ ಹತ್ತತದೇನ್ರಿ?" ಅಂತ ಕೇಳ್ದೆ.

ಮೇಡಂ ನಕ್ಕು, "ಅಂಟುರೋಗ ಅಲ್ಲಪ್ಪ, ಎಷ್ಟು ಬೇಕಷ್ಟು ಎತ್ತಾಡಸು" ಅಂದ್ರು. ಕಣ್ಣಾಗ ನೀರೇ ಬಂತು.

ಕೊಯ್ದು ಕೂದಲ ತೆಗದಾರ. ಗಾಯ ಹೊಲದಿಲ್ಲ, ತಳದಿಂದ ತಾನೇ ತುಂಬಿ ಬರ್ಬೇಕಂತ. ತಮ್ಮ ಅಜಯಕುಮಾರ ದಿನಾ ಪಟ್ಟಿ ಬದಲಸ್ತಾನ. ನಾ ಒದರಿದ್ರ ಅವನೇ ಕಣ್ಣು ಮುಚ್ಕೊಂತಾನ! ಇಲ್ಲಿ ಕಾಗಿಣಾ ಹೊಳಿ ತುಂಬಿ ಹರೀಲಿಕತ್ತದ. ನಿಮ್ಮ ಕಡಿ ಮುಲ್ಲಾಮಾರಿ ನೀರೂ ಇದರಾಗ ಕೂಡಿ ಬರ್ತದಂತ. ಕಿಡಕ್ಯಾಗಿಂದ ಅದನ್ನೇ ನೋಡ್ಕೊಂತ ಮಲಗಿರ್ತೀನಿ. ಮಗಳಿಗಿ ಲುಂಬಿನಿ ಅಂತ ಹೆಸರಿಡೋಣೇನು? ಅಕಿ ಯಾರ್ನ ಹೋಲ್ತಾಳ? ನೆತ್ತಿ ವಾಸನಿ ಹ್ಯಾಂಗದ?

ತಣ್ಣೀರಾಗ ಕೈ ಹಾಕಬ್ಯಾಡ, ಹೊತ್ತಿಗಿ ಸರಿಯಾಗಿ ಉಣ್ಣು. ಮೇಡಂ ಹ್ಞೂಂ ಅಂದ ಮರುದಿನಾನೇ ಬರ್ತೀನಿ, ಬಸ್ಸಿನಾಗ ನಿಂತ್ಕೊಂಡರ ಆಗ್ಲಿ. ತಾಯಿ ಮಗಳು ಇಬ್ಬರೂ ಸುಖವಾಗಿರ್ರಿ.

ನಿನ್ನ
ದೇವಾನಂದ

ತಾ.ಕ.: ಮೊನ್ನಿ ಫೋನ್‌ದಾಗ ಅತ್ತಿ, "ಹೆಣ್ಣು ಹುಟ್ಯಾದಂತ ಬರಲಿಲ್ಲೇನ್ರಿ?" ಅಂತ ಕೇಳಿದ್ರು. ಅವರ ಮ್ಯಾಲ ನನಗ ಸಿಟ್ಟಿಲ್ಲ. ನೀ ಬಾಜೂಕೇ ಇದ್ದಿ, ಕೂಸಿನ ರಮಿಸೋ ನಿನ್ನ ದನಿ ಕೇಳಸ್ತಿತ್ತು. ಆ ಮಾತಿಗಿ ನಿನ್ನ ದನಿ ನಿಂತಿತು. "ಹಂಗಲ್ಲವ್ವಾ, ಅವರು ಅಂಥವರಲ್ಲ" ಅಂತ ಅಂತಿ ಅಂತ ಕಾದೆ. ನೀ ಅನ್ನಲಿಲ್ಲ. ನೀನೂ ಹಂಗೇ ತಿಳಕೊಂಡಿಯೇನು, ರಾಧಿಕಾ?