ರಝಿಯಾ ಹೇಳಿದ್ದು, ನಾನು ಬರೆದದ್ದು

ನವೆಂಬರ್ ೧೨, ಬುಧವಾರ. ದಾರ್ಸೈಟ್, ಮಸ್ಕತ್.

ಮಗಳು ಪ್ರಿಯಾಂಕಾಳ ಮೆಡಿಕಲ್ ಕಾಲೇಜಿನ ಅರ್ಜಿಗೆ ಸಂಶೋಧನೆಯ ಶಿಫಾರಸು ಪತ್ರ ಯಾರಿಂದ ಬರೆಸುವುದು ಎಂಬ ಜಗ್ಗಾಟ ಮುಗಿಯಿತು. ಮನಸ್ಸು ಮಾತ್ರ ಮಂಕಾಗಿದೆ.

ಎರಡು ಬೇಸಿಗೆ ರಜೆ ಅವಳಿಗೆ ಯೂನಿವರ್ಸಿಟಿಯ ಲ್ಯಾಬಿನಲ್ಲಿ ಪಕ್ಕದಲ್ಲೇ ನಿಂತು ಕಲಿಸಿದವಳು ಉಳ್ಳಾಲದ ರಝಿಯಾ. ಅವಳ ಪಿಎಚ್‌ಡಿ ಇನ್ನೂ ಮುಗಿದಿಲ್ಲ. ದೊಡ್ಡ ಹೆಸರು ಇರಲಿ ಎಂದು ನಾನು ಆ ವಿಭಾಗದ ಮುಖ್ಯಸ್ಥರನ್ನೇ ಕೇಳಿದೆ. "ನೀವೇ ಬರೆದು ಕಳಿಸಿ, ಸಹಿ ಹಾಕುತ್ತೇನೆ" ಎಂದು ಮೆಸೇಜು ಬಂತು.

"ಅವರಿಗೆ ನನ್ನ ಹೆಸರೂ ನೆನಪಿರೂದಿಲ್ಲ, ಮಮ್ಮಿ. ಹೀ ಡಸಂಟ್ ನೋ ಮೀ," ಎಂದಳು ಮಗಳು.

"ಇರಲಿ, ಸಹಿ ಮುಖ್ಯ. ಖಲಾಸ್."

ಸಂಜೆ ಬರೆಯಲು ಕೂತೆ. ಕವಿತೆ ಓದಿ ಓದಿ ಕೂಡಿಟ್ಟ ಮಾತುಗಳೆಲ್ಲ ಎರಡು ಸಾಲಿಗೇ ತೀರಿದವು. ಲ್ಯಾಬಿನಲ್ಲಿ ಮಗಳು ಏನು ಮಾಡುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ರಝಿಯಾಗೆ ಫೋನು ಮಾಡಿದೆ. ಯಾಕೆ ಕೇಳುತ್ತಿದ್ದೇನೆಂದು ಹೇಳಲಿಲ್ಲ. ಬೆಳೆಸಿದ ಜೀವಕೋಶಗಳೆಲ್ಲ ಸತ್ತ ದಿನ ಪ್ರಿಯಾಂಕಾ ಅತ್ತದ್ದು, ಮರುದಿನ ಎಲ್ಲರಿಗಿಂತ ಮೊದಲು ಬಂದು ಮತ್ತೆ ಶುರು ಮಾಡಿದ್ದು, ಎಲ್ಲವನ್ನೂ ನಗುನಗುತ್ತ ಹೇಳಿದಳು. ನಾನು ಬರೆದುಕೊಳ್ಳುತ್ತ ಹೋದೆ. ಪತ್ರ ಚೆನ್ನಾಗಿಯೇ ಆಯಿತು.

ಫೋನಿಡುವ ಮುಂಚೆ ರಝಿಯಾ ಕೇಳಿದಳು: "ಅಕ್ಕ, ಶಿಫಾರಸು ಪತ್ರ ಯಾವಾಗ ಕಳಿಸಬೇಕು ಮಾರಾಯ್ರೆ? ಪ್ರಿಯಾಂಕಾ ಮೊನ್ನೆ ಕೇಳಿದ್ದಳಲ್ಲ, ನಾನು ಅರ್ಧ ಬರೆದಾಗಿದೆ."

"ಹೇಳ್ತೀನಿ" ಎಂದೆ.

ಫೋನಿಟ್ಟೆ. ಪತ್ರದ ಕೆಳಗೆ ಸಹಿಗೆ ಬಿಟ್ಟ ಖಾಲಿ ಜಾಗ ನೋಡುತ್ತ ಕೂತಿದ್ದೇನೆ. ಮುಖ್ಯಸ್ಥರಿಗೆ ಇನ್ನೂ ಕಳಿಸಿಲ್ಲ.